ಸೊಪ್ಪು ಹಾಕೋರು ಯಾರು?

ಹುಳದ ಮನೆಯೊಳಕ್ಕೆ ಕಾಲಿಡುವ ಮುಂಚೆ ನಮ್ಮ ದೊಡ್ಡವ್ವ ಬಾಗಿಲಿಗೆ ಎಡಗೆನ್ನೆ ಒತ್ತಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಒಳಗೆ ಸೆಕೆಯೋ ತಂಪೋ ಎಂದು ಆ ಕೆನ್ನೆಯೇ ಹೇಳಬೇಕು. ಹೊರಗೆ ಬಂದಾಗ ಬಾಗಿಲಿನ ನೀಲಿ ಬಣ್ಣದ ಪುಡಿ ಅಲ್ಲಿ ಅಂಟಿರುತ್ತಿತ್ತು. ಊಟಕ್ಕೆ ಕೂತಾಗಲೂ ಅದನ್ನು ಒರೆಸಿಕೊಂಡವಳಲ್ಲ.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ರಾಮನಗರ ಸೀಮೆಯ ಕೈಲಾಂಚದ ಹತ್ತಿರ ನಮ್ಮ ಮನೆಗೆ ಅಂಟಿಕೊಂಡೇ ಅವಳು ರೇಷ್ಮೆ ಹುಳ ಸಾಕುವ ಮನೆಯಿತ್ತು. ಬೇಸಿಗೆಯಲ್ಲಿ ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿ ಒಳಗೆ ಮಳೆಗಾಲ ಮಾಡುತ್ತಿದ್ದಳು. ಚಳಿಗಾಲದಲ್ಲಿ ಇದ್ದಿಲ ಒಲೆಯಿಟ್ಟು ಬೇಸಿಗೆ ಮಾಡುತ್ತಿದ್ದಳು. ಹುಳ ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ನಿದ್ದೆಗೆ ಹೋದರೆ, ನಾವು ಅಂಗಳದಲ್ಲಿ ಜೋರಾಗಿ ಕೆಮ್ಮುವಂತೆಯೂ ಇರಲಿಲ್ಲ. ಅವಳದೊಂದು ಕಟ್ಟಳೆಯಿತ್ತು: ಹುಳಕ್ಕೆ ಸೊಪ್ಪು ಬೀಳದೆ ತಾನು ತುತ್ತು ಮುಟ್ಟುವುದಿಲ್ಲ. ನೆಂಟರ ಮನೆಯ ಹಬ್ಬದೂಟಕ್ಕೆ ಕೂತವಳು, ಮನೆಯಲ್ಲಿ ಯಾರೂ ಸೊಪ್ಪು ಹಾಕಿಲ್ಲವೆಂದು ತಿಳಿದು ಎಲೆ ಬಿಟ್ಟು ಎದ್ದು ಬಂದದ್ದೂ ಉಂಟು. ಆ ನೆಂಟರು ವರ್ಷಗಟ್ಟಲೆ ಆಡಿಕೊಂಡರು.

ಬಿಡದಿ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ನಾನು ರಾಮನಗರಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದೆ. ಗೆಳತಿಯಿಂದ ತಂದ ವೈಜ್ಞಾನಿಕ ಕಾದಂಬರಿಯೊಂದು ನನ್ನ ತಲೆ ಕೆಡಿಸಿತು. ಅದರಲ್ಲಿ ನನ್ನದೇ ವಯಸ್ಸಿನ ಹುಡುಗರು. ಅವರ ಊರು, ಶಾಲೆ, ಅಪ್ಪ ಅಮ್ಮ ಎಲ್ಲವೂ ಕಂಪ್ಯೂಟರು ಕಟ್ಟಿ ತೋರಿಸುವ ಸುಳ್ಳು. ದಾರಿಯ ಬಂಡೆಬೆಟ್ಟಗಳನ್ನೂ ಯಾರೋ ಬಿಡಿಸಿಟ್ಟಿರಬಹುದೇ ಎಂದು ಬಸ್ಸಿನ ಕಿಟಕಿಯಿಂದ ದಿಟ್ಟಿಸುತ್ತಿದ್ದೆ. ನಿಜಕ್ಕೂ ಹೆದರಿದ್ದೆ. ಅಪ್ಪನಿಗೆ ಹೇಳಿದರೆ ಬೈದ. ದೊಡ್ಡವ್ವ ಮಾತ್ರ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ಕತೆಯನ್ನೆಲ್ಲ ಕೇಳಿದಳು.

“ಆ ಮಿಸೀನೊಳ್ಗೆ ಇರೋರ್ಗೆ ಹೊಟ್ಟೆ ಹಸಿತದಾ?”

“ಹಸಿತದೆ ದೊಡ್ಡವ್ವ.”

“ಹಂಗಾರೆ ಅವ್ರಿಗೆ ಸೊಪ್ಪು ಹಾಕೋರು ಯಾರು?”

ನಾನು ಮತ್ತೆ ಪುಸ್ತಕ ತಿರುವಿ ಹಾಕಿದೆ. ಬರೆದವರು ಆ ಮಾತೇ ಎತ್ತಿರಲಿಲ್ಲ.

ಕತೆ ಅವಳನ್ನೂ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ, ಚೆನ್ನಾಗಿ ಬಲಿತ ಒಂದು ಹುಳವನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ತೋಟಕ್ಕೆ ಕರೆದಳು. “ಹುಟ್ಟಿದಾಗಿಂದ ಬರೀ ಬಿದಿರು ತಟ್ಟೆ ನೋಡೈತೆ. ದಿಟವಾದ ಗಿಡ ತೋರ್ಸವ, ಏನ್ ಮಾಡ್ತದೋ ನೋಡವ” ಎಂದು ಅದನ್ನು ಹಿಪ್ಪುನೇರಳೆಯ ಕೊಂಬೆಯ ಮೇಲೆ ಬಿಟ್ಟಳು. ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಹುಳ ತಲೆಯೆತ್ತಿ ಅತ್ತಿತ್ತ ಆಡಿಸಿತು. ಎಲೆ ಒಂದು ಬೆರಳು ದೂರದಲ್ಲಿತ್ತು. ಅದು ಹೋಗಲಿಲ್ಲ, ತಲೆಯೆತ್ತಿಕೊಂಡು ಕಾಯುತ್ತಲೇ ಇತ್ತು. ಗಾಳಿ ಬೀಸಿದ್ದೇ ತಡ, ಕೊಂಬೆ ಹಿಡಿದುಕೊಳ್ಳಲೂ ಬಾರದೆ ಮಣ್ಣಿಗೆ ಬಿತ್ತು. ದೊಡ್ಡವ್ವ ಲೊಚಗುಟ್ಟುತ್ತಾ ಎತ್ತಿಕೊಂಡಳು.

“ದಿಟವೋ ಸುಳ್ಳೋ ಅದುಕ್ಕೇನ್ ಗೊತ್ತು ಮಗಾ. ಹಾಕೋ ಕೈ ಐತಲ್ಲ, ಅದು ಸುಳ್ಳಾಗ್ಬಾರ್ದು.”

ಮಣ್ಣು ಮುಟ್ಟಿದ ಹುಳವನ್ನು ಉಳಿದವುಗಳ ಜೊತೆ ಬಿಡುವಂತಿಲ್ಲ, ರೋಗ ಹತ್ತೀತು. ಅದೊಂದಕ್ಕೇ ಬೇರೆ ಮೊರ ಇಟ್ಟು ಸಾಕಿದಳು. ಗೂಡು ಕಟ್ಟಿದಾಗ ನನ್ನನ್ನು ಕೂಗಿ ತೋರಿಸಿದಳು. ಅಷ್ಟರಲ್ಲಿ ನನ್ನ ಹೆದರಿಕೆ ಎತ್ತಲೋ ಹೋಗಿ ಕುತೂಹಲ ಮಾತ್ರ ಉಳಿದಿತ್ತು. ಈಗ ನಾನೂ ಹರೆಯದ ಮಕ್ಕಳಿಗೆ ಅಂಥ ಕತೆಗಳನ್ನು ಬರೆಯುತ್ತೇನೆ. ಯಾವ ಸುಳ್ಳು ಲೋಕ ಕಟ್ಟಿದರೂ, ಅಲ್ಲಿ ಅನ್ನ ಇಕ್ಕುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುತ್ತೇನೆ.

ಆ ಹುಳ ಗೂಡು ಕಟ್ಟಿದ ಕೆಲವೇ ವರ್ಷಗಳಲ್ಲಿ ತೋಟದ ಜಾಗದಲ್ಲಿ ಗೋದಾಮು ಎದ್ದಿತು. ಹುಳದ ಮನೆಗೆ ಕಾರ್ಖಾನೆಯ ಹುಡುಗರು ಬಾಡಿಗೆಗೆ ಬಂದರು. ದೊಡ್ಡವ್ವನಿಗೆ ಮರೆವು ಹಿಡಿಯಿತು. ಒಂದು ದಿನ ಊಟ ಬಿಟ್ಟಳು.

“ಹುಳ ಉಪಾಸ ಅವೆ. ನಾನೆಂಗ್ ಉಣ್ಲಿ?”

ಅವಳ ಸೊಸೆ, ನನ್ನ ಅತ್ತಿಗೆ, ಕೈಹಿಡಿದು ಕರೆದೊಯ್ದು ಆ ಬಾಡಿಗೆ ಮನೆಯನ್ನು ತೋರಿಸಿದಳು. “ನೋಡತ್ತೆ, ಹುಳ ಎಲ್ಲವೆ? ಎಲ್ಲಾ ಮುಗ್ದೋಯ್ತು.” ದೊಡ್ಡವ್ವ ಮಗುವಿನ ಹಾಗೆ ಅತ್ತಳು. ಸಂಜೆಗೆ ಅದನ್ನು ಮರೆತಳು, ಉಪವಾಸವನ್ನು ಮರೆಯಲಿಲ್ಲ. ಹೀಗೇ ಆದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು.

ಬೇರೆ ಊರಿನಲ್ಲಿದ್ದ ನಾನು ಸುದ್ದಿ ತಿಳಿದು ಓಡಿ ಬಂದೆ. ಪಕ್ಕದೂರಿನಿಂದ ಒಂದು ಹೊರೆ ಸೊಪ್ಪು ತರಿಸಿದೆ. ಅಟ್ಟದಿಂದ ಹಳೆಯ ಬಿದಿರು ತಟ್ಟೆ ಇಳಿಸಿ ಮಂಚದ ಪಕ್ಕದಲ್ಲಿಟ್ಟೆ, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆ. ತಟ್ಟೆಯಲ್ಲಿ ಒಂದೂ ಹುಳವಿಲ್ಲ. ಆದರೂ ಸೊಪ್ಪು ಹೆಚ್ಚಿ ಹರಡಿದೆ.

“ಸುಳ್ಳೇಳಿ ಉಣ್ಸದಾ?” ಎಂದಳು ಅತ್ತಿಗೆ ಮೆಲ್ಲಗೆ.

ಹಸಿ ಸೊಪ್ಪಿನ ವಾಸನೆ ಕೋಣೆ ತುಂಬಿತು. ದೊಡ್ಡವ್ವ ಎದ್ದು ಗೋಡೆಗೆ ಎಡಗೆನ್ನೆ ಒತ್ತಿದಳು. “ಒಸಿ ತಂಪಾಯ್ತು” ಎಂದಳು. ಆಮೇಲೆ ಗಂಗಾಳದ ಮುಂದೆ ಕೂತು ಮುದ್ದೆ ಮುರಿದಳು. ನನಗೆ ಅಳು ತಡೆಯಲಾಗಲಿಲ್ಲ. ಮರುದಿನದಿಂದ ಅತ್ತಿಗೆಯೇ ಆ ಬರಿ ತಟ್ಟೆಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕತೊಡಗಿದಳು.

ಆ ಮಳೆಗಾಲ ಮುಗಿಯುವವರೆಗೂ ದೊಡ್ಡವ್ವ ಇದ್ದಳು. ಕೊನೆಯ ಸಲ ನಾನು ಹೋದಾಗ ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಸೊಪ್ಪು ಹರಡಿ ಎದ್ದ ನನ್ನನ್ನು ಸೆರಗು ಹಿಡಿದು ಕೂರಿಸಿದಳು. ತನ್ನ ಮುದ್ದೆಯನ್ನು ಎರಡು ಮಾಡಿ, ದೊಡ್ಡ ಪಾಲನ್ನು ನನ್ನ ಕಡೆ ನೂಕಿದಳು.

“ಯಾರ ಮಗಳವ್ವ ನೀನು? ಬಂದಾಗಿಂದ ಹಾಕ್ತಾನೆ ಇದೀಯ. ನಿಂಗ್ಯಾರೂ ಹಾಕ್ನಿಲ್ವಾ? ಉಣ್ಣು.”

ಅವಳ ಗಂಗಾಳದಲ್ಲೇ ಕೈಯಿಟ್ಟು ಉಂಡೆ. ಅವಳು ನನಗೆ ಇಕ್ಕಿದ ಕೊನೆಯ ಊಟ ಅದು.