ನನ್ನ ಸಾಲಿಗೆ ಬಂದ ಕೈಗಳು

ಎಂಬತ್ತರ ದಶಕದ ಒಂದು ಆಷಾಢದಲ್ಲಿ ನಾನು ಹೊಸಪೇಟೆಯ ಶಿಕ್ಷಕರ ತರಬೇತಿ ಬಿಟ್ಟು ಕಂಪ್ಲಿಗೆ ವಾಪಸು ಬಂದೆ. ಡೈರಿಯಲ್ಲಿ ಅಂದು ಶುಕ್ರವಾರ. ಬಸ್ಸು ತಡವಾಯಿತು, ಕೂರಲು ಜಾಗ ಸಿಗಲಿಲ್ಲ, ಕಾಲುವೆಗೆ ನೀರು ಬಿಟ್ಟಿದ್ದಾರೆ ಎಂದೆಲ್ಲ ಬರೆದಿದ್ದೇನೆ. ಬಂದ ಕಾರಣ ಮಾತ್ರ ಬರೆದಿಲ್ಲ.

ಎಲ್ಲಕ್ಕೂ ಲೆಕ್ಕ ಇಡುವುದು ನನ್ನ ಅಭ್ಯಾಸ. ಬಸ್ಸು ತಪ್ಪಿದ್ದು, ಹಾಸ್ಟೆಲಿನಲ್ಲಿ ಸಾರು ಸಪ್ಪೆಯಾದದ್ದು, ಎಲ್ಲಕ್ಕೂ ಡೈರಿಯಲ್ಲಿ ಒಂದೊಂದು ಗೀಟು. ತರಬೇತಿ ಸೇರಿದ ಮೇಲೆ ಇನ್ನೊಂದು ಲೆಕ್ಕ ಕೂಡಿಕೊಂಡಿತು: ನನ್ನ ಸೀಟಿನ ಬಗ್ಗೆ ಯಾರಾದರೂ ಮಾತಾಡಿದರೆ ಒಂದು ಗೀಟು. ನಮ್ಮದು ಪರಿಶಿಷ್ಟ ಜಾತಿಯ ಕೇರಿ, ನನ್ನದು ಮೀಸಲು ಸೀಟು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಅಕ್ಷರ ಕಲಿತವರಿರಲಿಲ್ಲ.

ಪಕ್ಕದ ಬೆಂಚಿನವಳು ಕೆಟ್ಟವಳೇನಲ್ಲ. ನೋಟ್ಸು ಕೊಡುತ್ತಿದ್ದಳು, ಉಪ್ಪಿನಕಾಯಿಯನ್ನೂ ಕೊಡುತ್ತಿದ್ದಳು. ಅವಳ ಅಕ್ಕನಿಗೆ ಆ ವರ್ಷ ಸೀಟು ಸಿಕ್ಕಿರಲಿಲ್ಲ. ಗುರುವಾರ ಪಾಠ ಮಾಡುವ ಅಭ್ಯಾಸ ನಡೆದಾಗ ನಾನು ಹಲಗೆಯ ಮುಂದೆ ತಡವರಿಸಿ ನಿಂತೆ. ಅವಳು ಕೂತಲ್ಲಿಂದಲೇ ಅಂದಳು: "ನಮ್ಮಕ್ಕಗ ಬರಬೇಕಿದ್ದ ಸೀಟು ಅದು. ತೊಗೊಂಡಿದ್ದಕ್ಕರ ಛಂದಂಗ ಹೇಳವಾ."

ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮರುದಿನವೇ ಚೀಲ ಕಟ್ಟಿದೆ.

ಶನಿವಾರ ಬೆಳಿಗ್ಗೆ ಅವ್ವ ರೊಟ್ಟಿ ಕಟ್ಟುತ್ತಾ, ಬಂದವಳು ಸುಮ್ಮನೆ ಯಾಕೆ ಕೂರುತ್ತಿ, ಗದ್ದೆಗೆ ಬಾ ಅಂದಳು. ಕೇರಿಯ ಹೆಂಗಸರೆಲ್ಲ ಒಂದೇ ಗುಂಪಾಗಿ ಭತ್ತದ ನಾಟಿಗೆ ಹೋಗುತ್ತಿದ್ದರು. ಗುಂಪಿನ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎಂದೇ ಕರೆಯುತ್ತಿದ್ದರು. ಅವಳು ನನ್ನನ್ನು ತನಗೂ ಅವ್ವನಿಗೂ ನಡುವೆ ನಿಲ್ಲಿಸಿದಳು.

ನಾಟಿ ಹಾಕುವವರು ಬಗ್ಗಿ ಹಿಂದಕ್ಕೆ ಸರಿಯುತ್ತಾ ಹೋಗಬೇಕು. ಕೈ ನಿಧಾನವಾದವಳು ಹಿಂದೆ ಸರಿಯಲಾಗದೆ ಅಲ್ಲೇ ಉಳಿಯುತ್ತಾಳೆ; ಎಡಬಲದಲ್ಲಿ ಬೇರೆಯವರ ಸಸಿ ಎದ್ದು ನಿಂತು ಅವಳು ದೊಡ್ಡಿಯಲ್ಲಿ ಸಿಕ್ಕ ಕರುವಿನಂತಾಗುತ್ತಾಳೆ. ಓದಲು ಹೋಗಿ ನನ್ನ ಕೈ ಮೆತ್ತಗಾಗಿತ್ತು. ಆದರೂ ಅಂದು ನಾನು ಸಿಕ್ಕಿಕೊಳ್ಳಲಿಲ್ಲ. ಹೊತ್ತೇರಿದ ಮೇಲಷ್ಟೇ ಗಮನಿಸಿದೆ: ನನ್ನ ಸಾಲಿನ ಒಂದು ಅಂಚಿಗೆ ಅವ್ವನ ಕೈ, ಇನ್ನೊಂದು ಅಂಚಿಗೆ ದೊಡ್ಡವ್ವನ ಕೈ ಬಂದು ಸಸಿ ಊರಿ ಹೋಗುತ್ತಿದ್ದವು. ಇಬ್ಬರೂ ಅದರ ಮಾತೇ ಎತ್ತದೆ, ಯಾರದೋ ಮದುವೆಯ ಊಟವನ್ನು ಬೈಯುತ್ತಿದ್ದರು.

ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ನನ್ನ ಚೀಲದಿಂದ ಡೈರಿ ಜಾರಿ ತೆರೆದುಕೊಂಡಿತು. ದೊಡ್ಡವ್ವ ಗೀಟುಗಳನ್ನು ನೋಡಿ, "ಇದೇನಲೇ, ಹಾಳ್ಯಾಗೂ ನಾಟಿ ಹಚ್ಚೀಯೇನು?" ಎಂದಳು. ಎಲ್ಲರೂ ನಕ್ಕರು. ನಾನು ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಇನ್ನು ಹೋಗುವುದಿಲ್ಲ ಎಂದೂ ಹೇಳಿದೆ.

"ಮುಂಜಾನಿಂದ ನಿನ್ನ ಸಾಲಿನಾಗ ನಮ್ಮ ಸಸಿನೂ ಅದಾವು. ನಾಚಿಕಿ ಬಂತೇನು?" ದೊಡ್ಡವ್ವ ಕೇಳಿದಳು. "ನಿಮ್ಮವ್ವ ಪಾಪಿನಾಯಕನಹಳ್ಳಿ ಒಣಭೂಮಿಯಾಕಿ. ಮದಿವ್ಯಾಗಿ ಬಂದಾಗ ಕೆಸರಾಗ ನಿಂದ್ರಾಕ ಬರ್ತಿರಲಿಲ್ಲ. ಒಂದು ಹಂಗಾಮು ಇಕಿ ಸಾಲು ನಾವ ನೋಡ್ಕೊಂಡಿವಿ. ಈಗ ನನಗ ನಡ ಹಿಡಿದ್ರ ನನ್ನ ಸಾಲು ಇಕೀನ ನೋಡ್ಕೋತಾಳ."

"ಆವಾಗ ಓಡಿ ಹೋಗಿದ್ರ ತವರಿನಾಗ ಕಳೆ ಕೀಳ್ಕೋತ ಇರ್ತಿದ್ದೆ," ಅವ್ವ ರೊಟ್ಟಿ ಮುರಿಯುತ್ತಾ ಅಂದಳು.

ನನಗೆ ಸಮಾಧಾನವಾಗಲಿಲ್ಲ. ಇಲ್ಲಿ ಯಾರ ಸಾಲೂ ಹೋಗುವುದಿಲ್ಲ, ಅಲ್ಲಿ ಪಕ್ಕದ ಬೆಂಚಿನವಳ ಅಕ್ಕನ ಸೀಟು ಹೋಗಿದೆ, ಆ ಅಕ್ಕನ ಮಾರ್ಕ್ಸೂ ನನಗಿಂತ ಹೆಚ್ಚು ಎಂದೆ. ದೊಡ್ಡವ್ವ ಗದ್ದೆಯ ಕಡೆ ಕೈ ತೋರಿದಳು.

"ಅಕೀಗೂ ಬ್ಯಾಸರ ಆಗೇತಿ, ಖರೆ. ಆದ್ರ ನಮ್ಮಜ್ಜಿ ಕಾಲದಿಂದ ಮಂದಿ ಗದ್ದಿಗೆಲ್ಲ ನಾವ ನಾಟಿ ಹಚ್ಚೀವಿ. ಒಂದು ಮಡಿ ಗದ್ದಿನೂ ನಮ್ಮದಾಗಿಲ್ಲ. ಅದಕ್ಯಾರು ಗೀಟು ಹಾಕ್ಯಾರ?"

ಡೈರಿ ಮುಚ್ಚಿ ಚೀಲಕ್ಕೆ ಹಾಕಿದೆ. ಮಧ್ಯಾಹ್ನ ಮತ್ತೆ ಅದೇ ಜಾಗದಲ್ಲಿ ನಿಂತೆ. ಮತ್ತೆ ಅವೇ ಕೈಗಳು ಬಂದವು. ಈ ಸಲ ಅವಕ್ಕೆ ಜಾಗ ಬಿಟ್ಟೆ.

ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಪಕ್ಕದ ಬೆಂಚಿನವಳು ತಪ್ಪಿದ ಪಾಠಗಳ ನೋಟ್ಸು ಬರೆದಿಟ್ಟಿದ್ದಳು. ಅವಳು ಕ್ಷಮೆ ಕೇಳಲಿಲ್ಲ, ನಾನೂ ಬಯಸಲಿಲ್ಲ. ಆ ಲೆಕ್ಕದ ಪುಟಕ್ಕೆ ಆಮೇಲೂ ಕೆಲವು ಗೀಟುಗಳು ಬಿದ್ದವು. ಆದರೆ ಚೀಲ ಕಟ್ಟಲಿಲ್ಲ.

ಈಗ ಸಂಡೂರು ಕಡೆಯ ಗಣಿ ಊರೊಂದರಲ್ಲಿ ಪಾಠ ಹೇಳುತ್ತೇನೆ. ನನಗೊಂದು ಸೀಟು ತೆಗೆದಿಡಬೇಕೆಂದು ಎಂದೋ ನಿರ್ಧರಿಸಿದವರನ್ನು ನಾನು ನೋಡಿಲ್ಲ. ಅವರನ್ನು ನೆನೆದಾಗಲೆಲ್ಲ ಕೆಸರು ಮೆತ್ತಿದ ಆ ಎರಡು ಕೈಗಳೇ ಕಣ್ಣಿಗೆ ಬರುತ್ತವೆ.

ನಾಟಿಯ ಕಾಲದಲ್ಲಿ ರಜೆ ಹಾಕಿ ಒಂದು ದಿನ ಕಂಪ್ಲಿಗೆ ಹೋಗುತ್ತೇನೆ. "ಟೀಚರಮ್ಮ ಬಂದ್ಲು, ಇವತ್ತು ಕೆಲಸ ಹೆಚ್ಚಾತು," ಎಂದು ಮುಪ್ಪಾದ ದೊಡ್ಡವ್ವ ಬದುವಿನ ಮೇಲಿಂದ ಗೊಣಗುತ್ತಾಳೆ. ಹೋದ ವರ್ಷ ನನ್ನ ಪಕ್ಕಕ್ಕೆ ಹೊಸ ಸೊಸೆಯೊಬ್ಬಳನ್ನು ನಿಲ್ಲಿಸಿದ್ದಳು. ಆ ಹುಡುಗಿ ನನಗಿಂತಲೂ ನಿಧಾನ. ಅವಳ ಅಂಚಿಗೆ ಒಂದಷ್ಟು ಸಸಿ ನಾನೇ ಊರಿದೆ. ಎಲ್ಲವೂ ಸೊಟ್ಟಗಿದ್ದವು. ಅವಳು ನೋಡಲಿಲ್ಲ, ನಾನೂ ಅದರ ಮಾತೆತ್ತಲಿಲ್ಲ.