ಬಸಿಗಾಲುವೆಯ ಬಾಯಲ್ಲಿ ಮುಳುಗಿಸಿದ ಕಪ್ಪೆಚಿಪ್ಪು

ಕಾಲುವೆ ನೀರು ಬಂದು, ಸುರಪುರ ತಾಲ್ಲೂಕಿನ ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದ ವರ್ಷಗಳವು. ನಾನು ಶಹಾಪುರದಲ್ಲಿ ಮೀನುಗಾರಿಕೆ ಅಧಿಕಾರಿಯಾಗಿದ್ದೆ. ಕಕ್ಕೇರಾ ಕಡೆಯ ಒಂದು ಕೆರೆಯಲ್ಲಿ ಮೀನು ಸತ್ತು ತೇಲುತ್ತಿವೆ ಎಂದು ದೂರು ಬಂತು. ನಾನು ಹೋಗುವಷ್ಟರಲ್ಲಿ ಊರವರು ಅಪರಾಧಿಯನ್ನು ಗೊತ್ತು ಮಾಡಿಯಾಗಿತ್ತು.

"ಭೀಮರಾಯಂದೇ ಕೆಲಸ್ರಿ ಮೇಡಂ," ಎಂದರು ದೂರು ಕೊಟ್ಟ ಶರಣಪ್ಪ. ಕೆರೆಯ ಮೇಲ್ಭಾಗದ ಗದ್ದೆಗಳಲ್ಲಿ ಕೆಲವು ಅವರವು. "ನೀರಿಗಿ ಎಣ್ಣಿ ಹಾಕಿ ಮೀನ ಹಿಡಿತಾನ."

ಎಣ್ಣಿ ಎಂದರೆ ಅಲ್ಲಿ ಬೆಳೆಗೆ ಹೊಡೆಯುವ ಕ್ರಿಮಿನಾಶಕ. ಆ ಕೆರೆಯಲ್ಲೇ ಬಲೆ ಬೀಸಿ ಬದುಕುತ್ತಿದ್ದ ಭೀಮರಾಯನ ಬಲೆಯನ್ನು ಊರವರು ಕಸಿದಿಟ್ಟಿದ್ದರು. ನನ್ನ ವರದಿ ಬಂದೊಡನೆ ಅವನನ್ನು ಪೊಲೀಸರಿಗೆ ಒಪ್ಪಿಸುವವರಿದ್ದರು. ಅವನ ಹೆಂಡತಿ ದೇವಮ್ಮನ ಬುಟ್ಟಿಯ ಮೀನನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೇಳಿದಾಗ ಭೀಮರಾಯ ತಲೆ ತಗ್ಗಿಸಿ ಎದ್ದುಹೋದದ್ದು ಕಂಡು ನನಗೂ ಅನುಮಾನ ಬಲಿಯಿತು.

ನೀರಿನ ಸ್ಯಾಂಪಲ್‌ನಲ್ಲಿ ಏನೂ ಸಿಗಲಿಲ್ಲ. ವಿಷ ನೀರಿನೊಂದಿಗೆ ಬಂದು ಹೋಗಿಬಿಡುತ್ತದೆ. ಕಪ್ಪೆಚಿಪ್ಪಿನ ಜೀವಿ ಹಾಗಲ್ಲ. ಸದಾ ನೀರು ಸೋಸುತ್ತ, ರಾಸಾಯನಿಕವನ್ನು ತನ್ನ ಮಾಂಸದಲ್ಲಿ ಉಳಿಸಿಕೊಳ್ಳುತ್ತದೆ. ಸಮುದ್ರತೀರದ ಮಾಲಿನ್ಯವನ್ನು ಹೀಗೆ ಅಳೆಯುವುದನ್ನು ತರಬೇತಿಯಲ್ಲಿ ಕಲಿತಿದ್ದೆ. ಹತ್ತಿಕುಣಿ ಜಲಾಶಯದಿಂದ ಜೀವಂತ ಕಪ್ಪೆಚಿಪ್ಪು ತರಿಸಿ, ಬಲೆಯ ಚೀಲಗಳಲ್ಲಿ ಕಟ್ಟಿ, ಕೆರೆಯ ಮೂರು ಕಡೆ ಮುಳುಗಿಸಿದೆ.

ಕೆಲವು ವಾರಗಳ ನಂತರ ಲ್ಯಾಬ್ ವರದಿ ಬಂತು. ಗದ್ದೆಯ ನೀರು ಕೆರೆಗಿಳಿಯುವ ಬಸಿಗಾಲುವೆಯ ಬಾಯಲ್ಲಿದ್ದ ಚೀಲದಲ್ಲಿ ಮಾತ್ರ ಕ್ರಿಮಿನಾಶಕ ಹೇರಳವಾಗಿತ್ತು. ಸತ್ತ ಮೀನುಗಳಲ್ಲೂ ಅದೇ ಇತ್ತು.

"ಬಲಿ ಕಸಗೊಂಡ ಸಿಟ್ಟಿಗಿ ಅವನೇ ಅಲ್ಲಿ ಸುರುವ್ಯಾನ್ರಿ," ಎಂದರು ಶರಣಪ್ಪ.

ಅಲ್ಲಗಳೆಯಲು ನನ್ನ ಬಳಿ ಪುರಾವೆ ಇರಲಿಲ್ಲ. ಆದರೆ ಅವರ ಆತುರ ಸರಿಕಾಣಲಿಲ್ಲ. ಈ ಸಲ ಯಾರಿಗೂ ಹೇಳದೆ, ಬಸಿಗಾಲುವೆಯ ಉದ್ದಕ್ಕೂ ಒಂದೊಂದು ಗದ್ದೆಯ ನೀರು ಬಂದು ಸೇರುವಲ್ಲಿ ಚೀಲ ಇಟ್ಟೆ. ಶರಣಪ್ಪನವರ ಗದ್ದೆಗಿಂತ ಮೇಲಿನ ಚೀಲಗಳಲ್ಲಿ ವಿಷ ತೀರ ಕಡಿಮೆ. ಅವರ ಗದ್ದೆಯ ಕೆಳಗೆ ಒಮ್ಮೆಲೇ ಏರಿತ್ತು.

ಊರವರ ಮುಂದೆ ಶರಣಪ್ಪನವರನ್ನು ಕೇಳಿದೆ: "ಎಣ್ಣಿ ಹೊಡೆದ ಪಂಪು ಎಲ್ಲಿ ತೊಳೆಸ್ತೀರಿ?"

"ಬಸಿಗಾಲುವ್ಯಾಗ್ರಿ. ಉಳದ ಎಣ್ಣೀನೂ ಅಲ್ಲೇ ಚೆಲ್ತಾರ, ಆಳುಗಳು."

ಶರಣಪ್ಪ ಮೊದಲೇ ತಿಳಿದು ಭೀಮರಾಯನತ್ತ ಬೆರಳು ತೋರಿಸಿದ್ದರೋ, ನಿಜಕ್ಕೂ ಹೊಳೆದಿರಲಿಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಅಲ್ಲಿ ಪಂಪು ತೊಳೆಯುವುದು ನಿಂತಿತು. ಮೀನು ಸಾಯುವುದೂ ನಿಂತಿತು. ಬಲೆಯನ್ನು ಮರಳಿಸಿದಾಗ ದೇವಮ್ಮ ಕೇಳಿದಳು: "ಬಲಿ ತಿರುಗಿ ಕೊಟ್ರಿ, ಛಲೋ ಆತು. ನಮ್ಮ ಮೀನ ಯಾರು ತಗೋತಾರ್ರಿ ಈಗ?"

ಯಾರೂ ಕೊಳ್ಳಲಿಲ್ಲ. ಗಂಡಹೆಂಡತಿ ಕೃಷ್ಣೆಯ ದಂಡೆಯ ಬೇರೊಂದು ಊರಿಗೆ ಹೋದರು.

ನಿವೃತ್ತಿಯವರೆಗೂ ನಾನು ಒಂದು ಪದ್ಧತಿ ಬಿಡಲಿಲ್ಲ. ಆರೋಪಿ ಯಾರೆಂದು ಕೇಳುವ ಮೊದಲು, ದೂರು ಕೊಟ್ಟವರ ಹೊಲದಿಂದ ನೀರು ಎತ್ತ ಹರಿಯುತ್ತದೆಂದು ನೋಡಿ ಬರುತ್ತಿದ್ದೆ.