ಒಂದು ಗೇಣು, ಮೇಲೊಂದು ಬೆರಳು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಕೂತಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಮೇಸ್ತ್ರಿಯವರ ಬಲಗೈ. ಕಿರುಬೆರಳಿನ ತುದಿ ಗರಗಸಕ್ಕೆ ಹೋಗಿ, ಅಲ್ಲಿ ಬಟಾಣಿಯಂಥ ನುಣ್ಣನೆಯ ಗಂಟೊಂದು ಉಳಿದಿತ್ತು. ಜೇಬಿನಲ್ಲಿ ಟೇಪು ಇದ್ದರೂ ಮಕ್ಕಳ ಸಾಮಾನನ್ನು ಅವರು ಗೇಣಿನಲ್ಲೇ ಅಳೆಯುತ್ತಿದ್ದರು. ಹೆಬ್ಬೆರಳಿನಿಂದ ಆ ಗಂಟಿನ ತನಕ ಒಂದು ಗೇಣು. ಅದರ ಮೇಲೆ ಎಡಗೈಯ ಒಂದು ಬೆರಳನ್ನು ಅಡ್ಡ ಇಟ್ಟು ಸೇರಿಸುತ್ತಿದ್ದರು. ಯಾಕೆಂದು ಕೇಳಿದರೆ, "ಗರಗಸ ತಿಂದಿದ್ದನ್ನ ಮಕ್ಕಳ ಮ್ಯಾಲೆ ಹಾಕಬಾರ್ದಲ್ರಿ" ಎನ್ನುತ್ತಿದ್ದರು.

ಅವರು ಎಮ್ಮಿಗನೂರಿನವರು. ಕಂಪ್ಲಿಯಲ್ಲಿ ತಗಡಿನ ಶೆಡ್ಡು ಹಾಕಿ ಬಡಗಿ ಕೆಲಸ ಮಾಡುತ್ತಿದ್ದರು. ನಾನು ಸಂಡೂರು ಕಡೆಯ ಒಂದು ಸಣ್ಣ ಹಾಸ್ಟೆಲ್ಲಿನ ವಾರ್ಡನ್. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅದೇ ದೊಡ್ಡ ಹುದ್ದೆ. ಗಣಿಯಲ್ಲಿ, ಕಬ್ಬಿನ ಗದ್ದೆಗಳಲ್ಲಿ ದುಡಿಯುವವರ ಗಂಡುಮಕ್ಕಳು ಅಲ್ಲಿದ್ದರು. ಇದ್ದದ್ದು ಎರಡೇ ಕೋಣೆ. ನೆಲದ ಮೇಲೆ ಮಲಗಿಸಿದರೆ ಕಾಲಿಡಲು ಜಾಗವಿರಲಿಲ್ಲ. ಹಾಗಾಗಿ ಎರಡಂತಸ್ತಿನ ಮಂಚ ಮಾಡಿಸಲು ಕಮಿಟಿಯವರು ಒಪ್ಪಿದರು.

ಮೇಸ್ತ್ರಿ ಮೊದಲು ಕೋಣೆಯನ್ನು ಅಳೆಯಲೇ ಇಲ್ಲ. ಒಂದು ಭಾನುವಾರ ಊಟ ಮುಗಿಸಿ ಮಕ್ಕಳು ಮಲಗಿದ್ದಾಗ ಬಂದು, ಒಬ್ಬೊಬ್ಬನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಬಾಗಿಲಲ್ಲಿ ಕೂತರು. ತಾಸು ಕಳೆಯುವಷ್ಟರಲ್ಲಿ ಅರ್ಧ ಮಕ್ಕಳು ಗೆರೆ ದಾಟಿದ್ದರು. ಎರಡನೇ ಕ್ಲಾಸಿನ ಒಬ್ಬನಂತೂ ಗೋಡೆಯ ಮೂಲೆಯಿಂದ ಉರುಳಿಕೊಂಡು ಬಂದು ಮೇಸ್ತ್ರಿಯ ಮೊಣಕಾಲಿಗೆ ತಲೆ ಆನಿಸಿದ್ದ.

"ಇವ ನಿದ್ದಿಯಾಗ ಹೊಸಪೇಟಿಗೆ ಹೋಗಿ ಬರ್ತಾನ ನೋಡ್ರಿ ಸರ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇವನ್ನ ಮಾತ್ರ ಮ್ಯಾಲೆ ಹತ್ತಿಸಬ್ಯಾಡ್ರಿ" ಎಂದರು.

ಬೇವಿನ ಕಟ್ಟಿಗೆಯಲ್ಲಿ ಮಂಚಗಳಾದವು. ಮೇಲಿನ ಮಂಚಕ್ಕೆ ನಾಲ್ಕೂ ಕಡೆ ಅಡ್ಡಪಟ್ಟಿ, ಏಣಿ ಇಳಿಯುವಲ್ಲಿ ಮಾತ್ರ ಸಣ್ಣ ಬಾಯಿ. ಪಟ್ಟಿಗಳ ಸಂದಿಯಲ್ಲಿ ಅವರು ತಮ್ಮ ನೀರಿನ ಚೊಂಬನ್ನು ತೂರಿಸಿ ನೋಡುತ್ತಿದ್ದರು. ಚೊಂಬು ತೂರಿತೆಂದರೆ ಪಟ್ಟಿ ಕಿತ್ತು ಮತ್ತೆ ಹೊಡೆಯುತ್ತಿದ್ದರು. ಮಗುವಿನ ಮೈ ಜಾರಿ ತಲೆ ಅಲ್ಲಿ ಸಿಕ್ಕಿಕೊಂಡೀತು ಎಂಬುದು ಅವರ ಭಯ. ಫ್ಯಾನಿನ ಕೆಳಗೆ ಮಂಚ ಇಡಲು ಬಿಡಲಿಲ್ಲ. ಕೊನೆಗೆ ಜಮಖಾನ ಹಾಸಿಸಿ, ಹಾಸಿಗೆಯಿಂದ ಅಡ್ಡಪಟ್ಟಿಯ ತುದಿಗೆ ಒಂದು ಗೇಣು, ಮೇಲೊಂದು ಬೆರಳು ಅಳೆದು ತೋರಿಸಿ ಹೋದರು.

ಕೆಲವು ತಿಂಗಳಾದ ಮೇಲೆ ದಾನಿಯೊಬ್ಬರು ದಪ್ಪ ಗಾದಿ ಕೊಟ್ಟರು. ಮಕ್ಕಳಿಗೆ ಹಬ್ಬ. ಅದೇ ವಾರ ಬಚ್ಚಲಿನ ಬಾಗಿಲು ರಿಪೇರಿಗೆ ಬಂದ ಮೇಸ್ತ್ರಿ, ಗಾದಿಯ ಮೇಲೆ ಕೈ ಇಟ್ಟವರು ಹಾಗೇ ನಿಂತರು. ಅಡ್ಡಪಟ್ಟಿ ನಾಲ್ಕು ಬೆರಳಷ್ಟೇ ಮೇಲಿತ್ತು.

"ಸರ, ಗಾದಿ ಏರಿದಷ್ಟು ಪಟ್ಟಿ ಇಳೀತೈತಿ. ಗಾದಿ ತಗಸ್ರಿ, ಇಲ್ಲಾಂದ್ರ ನಾ ಮ್ಯಾಲೊಂದು ಹಲಗಿ ಹೊಡೀತೀನಿ."

"ಕೈಯಾಗ ಕೆಲಸ ಇಲ್ಲೇನ್ರಿ ಮೇಸ್ತ್ರಿ? ಹೊಸಾದು ಹುಟ್ಟಿಸಾಕತ್ತೀರಿ."

"ಕೂಲಿ ಕೇಳಿದ್ನೇನ್ರಿ ನಾನು?"

ಮರುವಾರ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬೇವಿನ ಹಲಗೆ ತಂದರು. ಮೆಟ್ಟಿಲ ಕೆಳಗೆ ಒಟ್ಟಿ, "ಅರ್ಧ ದಿನದ ಕೆಲಸ ಸರ" ಎಂದರು. ದಾನಿಗಳು ಫೋಟೋಕ್ಕೆ ಬರುವವರಿದ್ದಾರೆ, ಆಮೇಲೆ ಹೇಳಿ ಕಳಿಸುತ್ತೇನೆ ಎಂದೆ. ದಾನಿಗಳು ಬಂದರು. ಫೋಟೋ ಚಂದ ಬರಲೆಂದು ಸಣ್ಣ ಮಕ್ಕಳನ್ನೆಲ್ಲ ಮೇಲಿನ ಮಂಚಗಳಲ್ಲಿ ಕೂರಿಸಿದೆ. ಫೋಟೋ ಮುಗಿದರೂ ಆ ಎರಡನೇ ಕ್ಲಾಸಿನವನು ಕೆಳಗಿಳಿಯಲು ಒಪ್ಪಲಿಲ್ಲ. ನಾನೂ ಬಿಟ್ಟೆ. ಮೇಸ್ತ್ರಿಗೆ ಹೇಳಿ ಕಳಿಸಲಿಲ್ಲ. ಮರೆತಿರಲಿಲ್ಲ. ಬಡಗಿಯೊಬ್ಬ ನನಗೆ ಬುದ್ಧಿ ಹೇಳುವುದು ನನಗೆ ಹಿಡಿಸಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಅವನು ಬಿದ್ದ. ನೆಲಕ್ಕೆ ತಲೆ ಬಡಿದ ಸದ್ದು ಆಫೀಸಿನಲ್ಲಿದ್ದ ನನಗೆ ಕೇಳಿಸಿತು. ಜೀವ ಉಳಿಯಿತು. ಮಾತು ತೊದಲಾಯಿತು, ಬಲಗೈ ಮತ್ತೆ ಮೇಲೇಳಲಿಲ್ಲ.

ಮರುದಿನ ಬೆಳಿಗ್ಗೆ ಮಕ್ಕಳ ಸ್ನಾನದ ನೀರೊಲೆಗೆ ಮೆಟ್ಟಿಲ ಕೆಳಗಿನ ಹಲಗೆಗಳನ್ನು ನಾನೇ ಒಡೆದು ಹಾಕಿದೆ. ಆ ನೀರನ್ನೇ ಮಕ್ಕಳು ಮೈಮೇಲೆ ಹೊಯ್ದುಕೊಂಡರು.

ಕಮಿಟಿಯವರು ಮೇಸ್ತ್ರಿಯನ್ನು ಕರೆಸಿದರು. ಗಾದಿಯ ಮೇಲಿಂದ ಅಳೆದು, ಪಟ್ಟಿ ಇಷ್ಟು ಗಿಡ್ಡ ಯಾಕೆ ಎಂದು ಅಧ್ಯಕ್ಷರು ಕೇಳಿದರು.

"ಗಾದಿ ತಗದು ಅಳೀರಿ ಯಜಮಾನ್ರ. ನಾ ಸರಗ ಹೇಳಿದ್ದೆ. ಹಲಗಿನೂ ತಂದು ಮೆಟ್ಟಲ ಕೆಳಗ ಇಟ್ಟೀನಿ."

ಎಲ್ಲರೂ ಹೋಗಿ ನೋಡಿದರು. ಒಂದು ಪೊರಕೆ, ಹಳೆಯ ಬಕೆಟ್ಟು. ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ನಂಗ ಯಾರೂ ಹೇಳಿಲ್ಲ, ಯಾವ ಹಲಗಿನೂ ತಂದಿಲ್ಲ" ಎಂದೆ.

ಮೇಸ್ತ್ರಿ ನನ್ನನ್ನು ಒಮ್ಮೆ ನೋಡಿದರು. ಬಗ್ಗಿ ಮೆಟ್ಟಿಲ ಕೆಳಗಿನ ನೆಲವನ್ನು ಕೈಯಿಂದ ಸವರಿ, ಬೆರಳಿಗಂಟಿದ ಬೇವಿನ ಕಟ್ಟಿಗೆಯ ಪುಡಿಯನ್ನು ಮೂಸಿ, ಪಂಚೆಗೆ ಒರೆಸಿಕೊಂಡು ಹೊರಟುಹೋದರು.

ಆಮೇಲೆ ಕಂಪ್ಲಿಯಲ್ಲಿ ಅವರಿಗೆ ತೊಟ್ಟಿಲು, ಮಂಚದ ಕೆಲಸ ಯಾರೂ ಕೊಡಲಿಲ್ಲ. ಹುಡುಗನನ್ನು ಕೆಡವಿದ ಮೇಸ್ತ್ರಿ ಎಂಬ ಹೆಸರು ಬಿತ್ತು. ಶೆಡ್ಡು ಹೋಯಿತು. ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವ ಕೂಲಿಗೆ ಹೋಗುತ್ತಿದ್ದರಂತೆ.

ಬಹಳ ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಎಮ್ಮಿಗನೂರಿಗೆ ಹೋದೆ. ಕ್ಷಮೆ ಕೇಳಲೆಂದೇ ಹೋದದ್ದು. ಗೋಡೆಗೆ ಒರಗಿ ಕೂತಿದ್ದವರು ನನ್ನ ಗುರುತು ಹಿಡಿದರು.

"ಬರ್ರಿ ಸರ, ಕುಂದ್ರಿ. ಆ ಹುಡುಗ ಹೆಂಗದಾನ?"

"ಆರಾಮ ಅದಾನ" ಎಂದೆ. ಅದು ಸುಳ್ಳು.

"ಪಟ್ಟಿ ಎತ್ತರ ಮಾಡಿಸಿದ್ರೇನ್ರಿ?"

"ಮಾಡಿಸಿದೆ." ಅದೂ ಸುಳ್ಳು. ಆ ಮಂಚಗಳನ್ನು ಮುರಿದು ಎಂದೋ ಉರುವಲಿಗೆ ಹಾಕಿದ್ದರು.

"ಚಲೋ ಆತು ಬಿಡ್ರಿ. ಅದೊಂದು ತಲಿಯಾಗ ಕುಂತಿತ್ತು. ಚಾ ಕುಡುದು ಹೋಗ್ರಿ."

ನಾನು ಚಹಾ ಕುಡಿದೆ, ಎದ್ದು ಬಂದೆ. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಹೋದ ತಿಂಗಳು ಇಬ್ಬರು ಮೊಮ್ಮಕ್ಕಳಿಗೆ ಎರಡಂತಸ್ತಿನ ಮಂಚ ಕೊಳ್ಳಲು ಮಗ ನನ್ನನ್ನು ಹೊಸಪೇಟೆಯ ಅಂಗಡಿಗೆ ಕರೆದೊಯ್ದ. ಅಂಗಡಿಯವನು, "ಅಜ್ಜಾರ, ದಪ್ಪ ಗಾದಿ ಫ್ರೀ ಐತ್ರಿ" ಎಂದ. ಗಾದಿ ಹಾಕಿಸಿ ಪಟ್ಟಿಗೆ ಗೇಣು ಇಟ್ಟೆ. ಸಾಲಲಿಲ್ಲ. ತೆಳುವಾದದ್ದು ಹಾಕಿಸಿ ಮತ್ತೆ ಅಳೆದೆ. ನನ್ನ ಕಿರುಬೆರಳು ನೆಟ್ಟಗಿದೆ. ಆದರೂ ಎಡಗೈಯ ಬೆರಳೊಂದನ್ನು ಮೇಲೆ ಅಡ್ಡ ಇಟ್ಟೆ.

"ಇದನ್ನ ಯಾರು ಕಲಿಸಿದ್ರಪ್ಪಾ ನಿಂಗ?" ಮಗ ಕೇಳಿದ.

"ಎಮ್ಮಿಗನೂರು ಮೇಸ್ತ್ರಿ."

"ಆ ಹುಡುಗನ್ನ ಕೆಡವಿದಾತನಾ?"

ಮನೆಯಲ್ಲೂ ನಾನು ಹಾಗೆಯೇ ಹೇಳಿಕೊಂಡು ಬಂದಿದ್ದೆ. ಪಟ್ಟಿಯ ಮೇಲಿನ ಕೈ ತೆಗೆಯದೆ, "ಕೆಡವಿದ್ದು ನಾನು" ಎಂದೆ. ಅಂಗಡಿಯವನಿಗೂ ಕೇಳಿಸಿತು, ಮಗನಿಗೂ ಕೇಳಿಸಿತು. ಕೇಳಿಸಿಕೊಳ್ಳಬೇಕಾಗಿದ್ದವರು ಆ ಮೇಸ್ತ್ರಿ.